ಪ್ರೀಮಿಯಂ ಪೆಟ್ರೋಲ್‌ಗೆ ಹೆಚ್ಚು ಹಣ ಕೊಡಬೇಕೇ? ಕಲಬುರಗಿ, ಬೀದರ್, ಯಾದಗಿರಿಯ ವಾಹನ ಸವಾರರಿಗೆ ಒಂದು ಮಾರ್ಗದರ್ಶಿ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಕಲಬುರಗಿಯ ಹೊರವಲಯದ ಪೆಟ್ರೋಲ್ ಪಂಪೊಂದರಲ್ಲಿ ನನ್ನ ಮುಂದಿನ ಸರದಿಯಲ್ಲಿದ್ದ ಹಿರಿಯರೊಬ್ಬರು ತಮ್ಮ ಹಳೆಯ ಸ್ಪ್ಲೆಂಡರ್‌ನ ಟ್ಯಾಂಕಿನ ಮುಚ್ಚಳ ತೆರೆದು ನೂರರ ಎರಡು ನೋಟುಗಳನ್ನು ಚಾಚಿದರು. ನಳಿಕೆ ಹಿಡಿದ ಹುಡುಗ "ಪ್ರೀಮಿಯಂ ಹಾಕ್ಲೇನ್ರಿ ಕಾಕಾ, ಇಂಜಿನ್ ಛಲೋ ಇರ್ತದ" ಎಂದ. ಬಿಸಿಲಿಗೆ ಬೇಸತ್ತಿದ್ದ ಅವರು ಸುಮ್ಮನೆ ತಲೆಯಾಡಿಸಿದರು. ಯಂತ್ರದ ಪರದೆಯ ಮೇಲೆ ಅಂಕಿಗಳು ಓಡಿ 1.80 ಲೀಟರ್‌ಗೆ ನಿಂತವು. ಪಕ್ಕದ ಸಾದಾ ನಳಿಕೆಯಿಂದ ಹಾಕಿಸಿದ್ದರೆ ಅದೇ ಹಣಕ್ಕೆ ಅವರಿಗೆ 1.94 ಲೀಟರ್ ಸಿಗುತ್ತಿತ್ತು. 140 ಮಿಲಿಲೀಟರ್ ಎಂದರೆ ಒಂದು ಚಹಾದ ಲೋಟದಷ್ಟು ಪೆಟ್ರೋಲ್. ಲೀಟರಿಗೆ 60 ಕಿಲೋಮೀಟರ್ ಓಡುವ ಗಾಡಿಗೆ ಎಂಟು ಕಿಲೋಮೀಟರಿನ ದಾರಿ. ಆ ಎಂಟು ಕಿಲೋಮೀಟರಿಗೆ ಬದಲಾಗಿ ಅವರಿಗೆ ಏನು ಸಿಕ್ಕಿತು ಎಂಬುದನ್ನು ಯಾರೂ ಹೇಳಲಿಲ್ಲ. ಹೀಗೆ ಕೇಳದೆಯೇ ತಲೆಯಾಡಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಪೆಟ್ರೋಲ್ ದರ 2017ರ ಜೂನ್ 16ರಿಂದ ದಿನವೂ ಬೆಳಿಗ್ಗೆ 6 ಗಂಟೆಗೆ ಪರಿಷ್ಕರಣೆಗೆ ಒಳಪಡುವುದರಿಂದ ಇಲ್ಲಿನ ಲೆಕ್ಕಗಳಿಗೆಲ್ಲ ಸಾದಾ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಪ್ರೀಮಿಯಂ 111 ರೂಪಾಯಿ ಎಂದು ಹಿಡಿದಿದ್ದೇನೆ. ನಿಮ್ಮ ಪಂಪಿನ ಫಲಕದಲ್ಲಿರುವ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟುಕೊಂಡರೆ ಸಾಕು, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಯಾವುದಕ್ಕೆ ಹಣ ಕೊಡುತ್ತಿದ್ದೀರಿ ಎಂದು ತಿಳಿಯಿರಿ

ಬ್ರಿಟನ್ನಿನಲ್ಲಿ ಟೆಸ್ಕೊ, ಆಸ್ಡಾ, ಸೇನ್ಸ್‌ಬರೀಸ್‌ನಂತಹ ಸೂಪರ್ ಮಾರ್ಕೆಟ್‌ಗಳು ತಮ್ಮದೇ ಪಂಪುಗಳಲ್ಲಿ ಅಗ್ಗದ ದರಕ್ಕೆ ಪೆಟ್ರೋಲ್ ಮಾರುತ್ತವೆ. ಅಲ್ಲಿನ ಜನ ಅಗ್ಗದ ಈ ಪೆಟ್ರೋಲ್ ಕಳಪೆಯೇ, ದೊಡ್ಡ ತೈಲ ಕಂಪನಿಯ ದುಬಾರಿ ಪೆಟ್ರೋಲ್ ನಿಜಕ್ಕೂ ಮೇಲೇ ಎಂದು ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಎರಡೂ ಒಂದೇ ರಾಷ್ಟ್ರೀಯ ಮಾನದಂಡವನ್ನು ಪೂರೈಸಲೇಬೇಕು. ವ್ಯತ್ಯಾಸವಿದ್ದರೆ ಅದು ಮೇಲೆ ಬೆರೆಸುವ ರಾಸಾಯನಿಕಗಳಲ್ಲಿ ಮತ್ತು ಆಕ್ಟೇನ್ ಸಂಖ್ಯೆಯಲ್ಲಿ. ಕಲಬುರಗಿಯವರಿಗೆ ಸೂಪರ್ ಮಾರ್ಕೆಟ್ ಎಂದರೆ ನಗರದ ನಡುವಿನ ಪೇಟೆಯ ಹೆಸರು, ಅಲ್ಲಿ ಪೆಟ್ರೋಲ್ ಮಾರುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಪ್ರಶ್ನೆ ಏಳುವುದು ಒಂದೇ ಪಂಪಿನೊಳಗೆ, ಒಂದೇ ಸೂರಿನ ಕೆಳಗೆ, ಸಾದಾ ನಳಿಕೆ ಮತ್ತು ಪ್ರೀಮಿಯಂ ನಳಿಕೆಯ ನಡುವೆ.

ಮೊದಲು ತಿಳಿಯಬೇಕಾದದ್ದೆಂದರೆ ಸಾದಾ ಪೆಟ್ರೋಲ್ ಕಳಪೆ ಮಾಲಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6, ಅಂದರೆ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಂತ್ರಣ ಮಾನದಂಡದ ಇಂಧನವೇ ಮಾರಾಟವಾಗುತ್ತಿದೆ. ಬಿಎಸ್-4ರ ಕಾಲದಲ್ಲಿ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದ ಗಂಧಕದ ಮಿತಿ ಇದರಲ್ಲಿ 10 ಪಿಪಿಎಂಗೆ ಇಳಿದಿದೆ. ಬೀದರಿನ ಪಂಪಿಗೂ ಬೆಂಗಳೂರಿನ ಪಂಪಿಗೂ, ಸಾದಾ ನಳಿಕೆಗೂ ಪ್ರೀಮಿಯಂ ನಳಿಕೆಗೂ ಈ ಮಿತಿ ಒಂದೇ. ಆದ್ದರಿಂದ "ಪ್ರೀಮಿಯಂ ಶುದ್ಧ, ಸಾದಾ ಅಶುದ್ಧ" ಎಂಬ ಮಾತಿಗೆ ಆಧಾರವಿಲ್ಲ.

ಪ್ರೀಮಿಯಂ ಎಂಬ ಹೆಸರಿನಡಿ ಎರಡು ಬೇರೆ ಬೇರೆ ಗುಣಗಳು ಸೇರಿಕೊಂಡಿವೆ. ಒಂದು, ಇಂಜಿನ್ನಿನ ಒಳಭಾಗದಲ್ಲಿ ಮಸಿ ಕಟ್ಟದಂತೆ ನೋಡಿಕೊಳ್ಳುವ ಶುಚಿಕಾರಕ ರಾಸಾಯನಿಕಗಳು. ಭಾರತ್ ಪೆಟ್ರೋಲಿಯಂನ ಸ್ಪೀಡ್ ಪೆಟ್ರೋಲ್ ಎರಡು ದಶಕಗಳಿಂದ ಈ ಮಾತಿನ ಮೇಲೆಯೇ ಮಾರಾಟವಾಗಿದೆ. ಇನ್ನೊಂದು, ಹೆಚ್ಚಿನ ಆಕ್ಟೇನ್ ಸಂಖ್ಯೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್95 ಎಂಬ ಹೆಸರುಗಳಲ್ಲಿರುವ 95 ಅದೇ ಸಂಖ್ಯೆ. ಇವುಗಳಿಗೂ ಮೇಲೆ 100 ಆಕ್ಟೇನ್‌ನ ಎಕ್ಸ್‌ಪಿ100 ಎಂಬುದು 2020ರ ಡಿಸೆಂಬರ್ 1ರಂದು ಬಿಡುಗಡೆಯಾಯಿತು. ದೆಹಲಿಯಲ್ಲಿ ಸಾದಾ ಪೆಟ್ರೋಲ್ ಲೀಟರಿಗೆ 82 ರೂಪಾಯಿಯ ಆಸುಪಾಸಿನಲ್ಲಿದ್ದಾಗ ಅದರ ದರ 160 ರೂಪಾಯಿ. ಅದು ಲಕ್ಷಾಂತರ ರೂಪಾಯಿಯ ಬೈಕು ಮತ್ತು ಐಷಾರಾಮಿ ಕಾರುಗಳಿರುವ ಮಹಾನಗರಗಳಿಗಾಗಿ ತಂದ ಸರಕು. ನಮ್ಮ ಮೂರು ಜಿಲ್ಲೆಗಳ ಓದುಗರು ಅದರ ಚಿಂತೆಯನ್ನು ಬಿಡಬಹುದು.

ಎರಡನೆಯ ಹೆಜ್ಜೆ: ಆಕ್ಟೇನ್ ಎಂದರೇನು ಎಂದು ಸರಿಯಾಗಿ ತಿಳಿಯಿರಿ

ಆಕ್ಟೇನ್ ಹೆಚ್ಚಿದಷ್ಟೂ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪಂಪಿನ ಹುಡುಗರಿಂದ ಹಿಡಿದು ಕಾಲೇಜು ಪ್ರಾಧ್ಯಾಪಕರವರೆಗೆ ಅನೇಕರ ಬಾಯಲ್ಲಿ ನಾನು ಇದನ್ನು ಕೇಳಿದ್ದೇನೆ. ಇದು ತಪ್ಪು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದುಮಿದಾಗ ಆ ಮಿಶ್ರಣ ಬಿಸಿಯಾಗುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಕಿಡಿಯಿಂದ ಹೊತ್ತಿದ ಜ್ವಾಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಹರಡಬೇಕು. ಒತ್ತಡ ಮತ್ತು ಬಿಸಿ ವಿಪರೀತವಾದರೆ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಈ ಸಿಡಿತವೇ ನಾಕಿಂಗ್. ಅದು ಪಿಸ್ಟನ್ನಿನ ತಲೆಗೆ ಸುತ್ತಿಗೆಯಿಂದ ಬಡಿದ ಹಾಗೆ. ಬಹುಕಾಲ ಮುಂದುವರಿದರೆ ಇಂಜಿನ್ ಹಾಳಾಗುತ್ತದೆ.

ಹೀಗೆ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಪೆಟ್ರೋಲಿನ ತಾಳ್ಮೆಗೆ ಕೊಟ್ಟ ಅಂಕವೇ ಆಕ್ಟೇನ್ ಸಂಖ್ಯೆ. ಐಸೊಆಕ್ಟೇನ್ ಎಂಬ ದ್ರವಕ್ಕೆ 100, ನಾರ್ಮಲ್ ಹೆಪ್ಟೇನ್ ಎಂಬ ದ್ರವಕ್ಕೆ 0 ಎಂದು ಇಟ್ಟುಕೊಂಡು, ಇವೆರಡರ ಯಾವ ಪ್ರಮಾಣದ ಮಿಶ್ರಣಕ್ಕೆ ನಮ್ಮ ಪೆಟ್ರೋಲ್ ಸಮನಾಗಿ ನಿಲ್ಲುತ್ತದೆ ಎಂದು ಪರೀಕ್ಷಾ ಇಂಜಿನ್ನಿನಲ್ಲಿ ನೋಡಿ ಈ ಅಂಕವನ್ನು ಕೊಡುತ್ತಾರೆ. ಅಂದರೆ ಇದು ತಾಳಿಕೆಯ ಅಳತೆಯೇ ಹೊರತು ಬಲದ ಅಳತೆ ಅಲ್ಲ. ನಾಕಿಂಗ್ ಆಗದ ಇಂಜಿನ್ನಿಗೆ ಹೆಚ್ಚಿನ ಆಕ್ಟೇನ್ ಹಾಕುವುದು ಸೋರದ ಮಾಳಿಗೆಗೆ ಮತ್ತೊಮ್ಮೆ ಗಚ್ಚು ಬಳಿದಂತೆ.

ಈಗ ಒಂದು ಮುಖ್ಯ ಸಂಗತಿ. ಬಿಎಸ್-6 ಮಾನದಂಡದಲ್ಲಿ ಸಾದಾ ಪೆಟ್ರೋಲಿಗೆ ಕನಿಷ್ಠ ಆಕ್ಟೇನ್ 91, ಪ್ರೀಮಿಯಂಗೆ 95 ಎಂದಿದೆ. ಆದರೆ ಪಂಪಿಗೆ ಈಗ ಬರುತ್ತಿರುವುದು ಶೇ 20ರಷ್ಟು ಎಥನಾಲ್ (ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ) ಬೆರೆತ ಇ20 ಪೆಟ್ರೋಲ್. ಎಥನಾಲಿನ ಆಕ್ಟೇನ್ ಸಂಖ್ಯೆ ಸುಮಾರು 108.5 ಇರುವುದರಿಂದ ಮಿಶ್ರಣದ ಆಕ್ಟೇನ್ ತಾನಾಗಿಯೇ ಏರುತ್ತದೆ. ಹಿಂದೆ 88 ಇದ್ದದ್ದು 91ಕ್ಕೆ ಏರಿತ್ತು, ಶೇ 20ರ ಮಿಶ್ರಣದಿಂದ ಈಗ 95ಕ್ಕೆ ತಲುಪಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ವಿವರಣೆ ಕೊಟ್ಟಿದೆ. ಹೀಗಿರುವಾಗ 95 ಎಂಬ ಅಂಕಿಗಾಗಿಯೇ ಲೀಟರಿಗೆ ಎಂಟು ರೂಪಾಯಿ ಹೆಚ್ಚು ಕೊಡುವ ಕಾರಣ ಬಹುಮಟ್ಟಿಗೆ ಕರಗಿಹೋಗಿದೆ. ಸಾದಾ ನಳಿಕೆಯಿಂದಲೇ ಆ ಮಟ್ಟದ ಆಕ್ಟೇನ್ ಬರುತ್ತಿದ್ದರೆ, ಹೆಚ್ಚಿನ ಹಣಕ್ಕೆ ಸಿಗುವುದು ಮುಖ್ಯವಾಗಿ ಶುಚಿಕಾರಕಗಳು ಮಾತ್ರ. ಇದನ್ನು ಜಾಹೀರಾತಿನ ಫಲಕ ನಮಗೆ ಹೇಳುವುದಿಲ್ಲ.

ಮೂರನೆಯ ಹೆಜ್ಜೆ: ಗಾಡಿಯ ಕೈಪಿಡಿ ಓದಿ

ಕಾರಾದರೆ ಟ್ಯಾಂಕಿನ ಮುಚ್ಚಳದ ಒಳಮೈ ನೋಡಿ. ಅಲ್ಲಿ ಚೀಟಿ ಅಂಟಿಸಿರುತ್ತಾರೆ. ಬೈಕಾದರೆ ಸೀಟಿನ ಕೆಳಗೆ ಅಥವಾ ಮನೆಯ ಕಪಾಟಿನಲ್ಲಿ ಎಲ್ಲೋ ಇರುವ ಕೈಪಿಡಿಯನ್ನು ಹುಡುಕಿ ತೆಗೆಯಿರಿ. ಇಂಧನದ ಪುಟದಲ್ಲಿ "ಕನಿಷ್ಠ" ಎಂಬ ಪದದ ಮುಂದೆ ಇರುವ ಅಂಕಿ ಮತ್ತು "ಶಿಫಾರಸು" ಎಂಬ ಪದದ ಮುಂದೆ ಇರುವ ಅಂಕಿ ಬೇರೆ ಬೇರೆ. ಮೊದಲನೆಯದಕ್ಕಿಂತ ಕೆಳಗಿನ ಇಂಧನ ಹಾಕಲೇಬಾರದು. ಎರಡನೆಯದು ಇಂಜಿನ್ ಪೂರ್ಣ ಸಾಮರ್ಥ್ಯ ತೋರುವ ಮಟ್ಟ. ಅದಕ್ಕಿಂತ ಕಡಿಮೆ ಹಾಕಿದರೆ ಹಾನಿ ಇಲ್ಲ, ಸ್ವಲ್ಪ ಬಲ ತಗ್ಗಬಹುದು.

ನಮ್ಮ ರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಹೆಚ್ಚಿನವು ಸಾದಾ ಪೆಟ್ರೋಲಿಗೆಂದೇ ರೂಪುಗೊಂಡವು. ಸ್ಪ್ಲೆಂಡರ್ ಮತ್ತು ಆಕ್ಟಿವಾದ ಸಂಪೀಡನ ಅನುಪಾತ, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಅಳತೆ, 10ಕ್ಕೆ 1ರ ಆಸುಪಾಸಿನಲ್ಲಿದೆ. ಗುಡುಗುಡು ಸದ್ದಿನಿಂದ ಬಲಶಾಲಿ ಎನಿಸುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಅನುಪಾತ ಇನ್ನೂ ಕಡಿಮೆ, 9.5ಕ್ಕೆ 1. ಮಾರುತಿಯ 1.2 ಲೀಟರ್ ಡ್ಯುಯಲ್‌ಜೆಟ್ ಇಂಜಿನ್ನಿನ ಅನುಪಾತ 12ಕ್ಕೆ 1ರಷ್ಟು ಎತ್ತರದಲ್ಲಿದ್ದರೂ ಅದನ್ನು ಸಾದಾ ಪೆಟ್ರೋಲಿನಲ್ಲಿ ನಾಕಿಂಗ್ ಇಲ್ಲದೆ ಓಡುವಂತೆಯೇ ತಯಾರಿಸಿದ್ದಾರೆ. ಆದ್ದರಿಂದ ಅನುಪಾತದ ಅಂಕಿ ನೋಡಿ ನೀವೇ ತೀರ್ಮಾನ ಮಾಡಬೇಡಿ, ಕೈಪಿಡಿಯ ಮಾತನ್ನು ನಂಬಿ.

ನಿಜವಾಗಿ ಯೋಚಿಸಬೇಕಾದವರು ಟರ್ಬೊ ಪೆಟ್ರೋಲ್ ಕಾರಿನವರು ಮತ್ತು 12ಕ್ಕೂ ಮೇಲಿನ ಅನುಪಾತದ ಕೆಟಿಎಂ 390ರಂತಹ ಬೈಕಿನವರು. ಟರ್ಬೊ ಇಂಜಿನ್ ಗಾಳಿಯನ್ನು ಅದುಮಿ ಒಳಗೆ ತಳ್ಳುತ್ತದೆ. ಅದುಮಿದ ಗಾಳಿ ಬಿಸಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಹೊರಗಿನ ಗಾಳಿಯೇ 42 ಡಿಗ್ರಿ ಮುಟ್ಟಿರುವಾಗ, ನಾಲ್ವರು ಕುಳಿತು, ಎಸಿ ಹಾಕಿಕೊಂಡು, ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಸುಮಾರು 110 ಕಿಲೋಮೀಟರ್ ಓಡಿಸುವಾಗ ಇಂಜಿನ್ ನಾಕಿಂಗ್‌ನ ಗಡಿಗೆ ಹತ್ತಿರ ಬರುತ್ತದೆ. ಆಗ ಅದರಲ್ಲಿರುವ ನಾಕ್ ಸೆನ್ಸರ್ ಸೂಚನೆ ಕೊಟ್ಟು, ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಇಂಜಿನ್ ಸುರಕ್ಷಿತವಾಗಿರುತ್ತದೆ, ಆದರೆ ಲಾರಿಯನ್ನು ಹಿಂದಿಕ್ಕುವಾಗ ಎಂದಿನ ಪಿಕಪ್ ಸಿಗುವುದಿಲ್ಲ. ಇಂಥ ಕಾರಿನವರಿಗೆ, ಇಂಥ ದಿನಗಳಲ್ಲಿ, ಸಾದಾ ಪೆಟ್ರೋಲಿಗಿಂತ ನಿಜಕ್ಕೂ ಹೆಚ್ಚಿನ ಆಕ್ಟೇನ್ ಇರುವ ಪೆಟ್ರೋಲ್ ಸಿಕ್ಕರೆ ಪ್ರಯೋಜನವಿದೆ. ಅದೇ ಕಾರು ಡಿಸೆಂಬರಿನ ಚಳಿಯಲ್ಲಿ ಸ್ಟೇಷನ್ ರಸ್ತೆಯ ಸಂಚಾರದಲ್ಲಿ ತೆವಳುವಾಗ ಇಲ್ಲ.

ನಾಲ್ಕನೆಯ ಹೆಜ್ಜೆ: ಇಂಜಿನ್ನಿನ ಸದ್ದು ಕೇಳಿ

ನಾಕಿಂಗ್ ಇದೆಯೋ ಇಲ್ಲವೋ ಎಂದು ತಿಳಿಯಲು ಮೆಕ್ಯಾನಿಕ್ ಬೇಡ. ಇಂಜಿನ್ ಬಿಸಿಯಾದ ಮೇಲೆ ಸಣ್ಣ ಏರು ಇರುವ ಕಡೆ, ಒಂದು ಮೇಲ್ಸೇತುವೆಯಾದರೂ ಸಾಕು, ಟಾಪ್ ಗೇರಿಗಿಂತ ಒಂದು ಗೇರು ಕೆಳಗಿಟ್ಟು ನಿಧಾನದ ವೇಗದಲ್ಲಿ ಒಮ್ಮೆಲೇ ಎಕ್ಸಲೇಟರ್ ಕೊಡಿ. ತಗಡಿನ ಡಬ್ಬಿಯಲ್ಲಿ ಜೋಳದ ಕಾಳು ಹಾಕಿ ಅಲ್ಲಾಡಿಸಿದಂತಹ ಚುರುಕಾದ ಕಟಕಟ ಸದ್ದು ಬಂದು, ಎಕ್ಸಲೇಟರ್ ಬಿಟ್ಟ ಕೂಡಲೇ ನಿಂತರೆ ಅದು ನಾಕಿಂಗ್. ಗಾಡಿ ನಿಂತು ಓಡುತ್ತಿರುವಾಗಲೂ ಬರುವ, ಇಂಜಿನ್ ವೇಗದೊಂದಿಗೆ ಏರುವ ಟಿಕ್ ಟಿಕ್ ಸದ್ದು ವಾಲ್ವ್‌ಗಳನ್ನು ತೆರೆಸುವ ಟ್ಯಾಪೆಟ್ ಎಂಬ ಭಾಗದ್ದು. ಅದಕ್ಕೂ ಪೆಟ್ರೋಲಿಗೂ ಸಂಬಂಧವಿಲ್ಲ.

ಸಾದಾ ಪೆಟ್ರೋಲಿಗೆಂದೇ ತಯಾರಾದ ಗಾಡಿಯಲ್ಲಿ ನಾಕಿಂಗ್ ಕೇಳಿಸಿದರೆ ಪ್ರೀಮಿಯಂ ಹಾಕಿ ಸದ್ದು ಅಡಗಿಸುವುದು ಜ್ವರಕ್ಕೆ ಗುಳಿಗೆ ನುಂಗಿ ರೋಗವನ್ನು ಮರೆಯುವ ಹಾಗೆ. ಕಾರಣ ಹುಡುಕಿಸಿ: ಸಿಲಿಂಡರಿನೊಳಗೆ ಮಸಿ ಕಟ್ಟಿರಬಹುದು, ತಪ್ಪು ಪ್ಲಗ್ ಹಾಕಿರಬಹುದು, ಕೂಲಂಟ್ ಕಡಿಮೆಯಾಗಿರಬಹುದು, ಅಥವಾ ನೀವೇ ಎತ್ತರದ ಗೇರಿನಲ್ಲಿ ಗಾಡಿಯನ್ನು ಎಳೆಸುತ್ತಿರಬಹುದು.

ಐದನೆಯ ಹೆಜ್ಜೆ: ಕಾಗದದ ಮೇಲೆ ಲೆಕ್ಕ ಹಾಕಿ

ಎರಡು ದರಗಳ ವ್ಯತ್ಯಾಸವನ್ನು ಸಾದಾ ದರದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 8ನ್ನು 103ರಿಂದ ಭಾಗಿಸಿದರೆ ಶೇ 7.8 ಬರುತ್ತದೆ. ಹಣ ಉಳಿಯುವುದಿರಲಿ, ಕೊಟ್ಟ ಹಣ ಹಿಂದಿರುಗಬೇಕಾದರೂ ಮೈಲೇಜ್ ಅಷ್ಟು ಹೆಚ್ಚಬೇಕು. ಲೀಟರಿಗೆ 60 ಕಿಲೋಮೀಟರ್ ಕೊಡುವ ಬೈಕು 64.7 ಕೊಡಬೇಕು, 16 ಕೊಡುವ ಕಾರು 17.2 ಕೊಡಬೇಕು. ಸುಸ್ಥಿತಿಯಲ್ಲಿರುವ, ನಾಕಿಂಗ್ ಇಲ್ಲದ ಇಂಜಿನ್ನಿನಲ್ಲಿ ಪೆಟ್ರೋಲ್ ಬದಲಿಸಿದ ಮಾತ್ರಕ್ಕೆ ಇಷ್ಟು ಏರಿಕೆ ಬರಲು ಕಾರಣವೇ ಇಲ್ಲ, ಏಕೆಂದರೆ ಎರಡೂ ಪೆಟ್ರೋಲಿನ ಒಂದು ಲೀಟರಿನಲ್ಲಿರುವ ಶಕ್ತಿ ಹೆಚ್ಚುಕಡಿಮೆ ಒಂದೇ.

ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರ ಹೆಚ್ಚುವರಿ ಖರ್ಚು ಬೈಕಿಗೆ ಸುಮಾರು 133 ರೂಪಾಯಿ, ವರ್ಷಕ್ಕೆ 1,600. ಕಾರಿಗೆ ತಿಂಗಳಿಗೆ 500, ವರ್ಷಕ್ಕೆ 6,000. ಈ ಹಣವನ್ನು ಬೇರೆಲ್ಲಿ ಹಾಕಿದರೆ ಗಾಡಿಗೆ ಒಳಿತಾದೀತು ಎಂಬುದನ್ನು ಮುಂದೆ ಹೇಳುತ್ತೇನೆ.

ಆರನೆಯ ಹೆಜ್ಜೆ: ನಂಬಿಕೆ ಬಾರದಿದ್ದರೆ ನಿಮ್ಮ ಗಾಡಿಯಲ್ಲೇ ಪರೀಕ್ಷಿಸಿ

ಯಾರ ಮಾತನ್ನೂ ನಂಬಬೇಕಿಲ್ಲ, ನನ್ನ ಮಾತನ್ನೂ. ಆದರೆ ಪರೀಕ್ಷೆ ಕ್ರಮಬದ್ಧವಾಗಿರಬೇಕು. ಒಂದೇ ಪಂಪಿನಲ್ಲಿ, ಸಾಧ್ಯವಾದರೆ ದಿನದ ಒಂದೇ ಹೊತ್ತಿನಲ್ಲಿ, ಟಾಕಿ ಫುಲ್ ಮಾಡಿಸಿ. ನಳಿಕೆ ತಾನಾಗಿ ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ, ಮೇಲೆ ತೊಟ್ಟಿಕ್ಕಿಸಿ ತುಂಬಿಸುವುದು ಬೇಡ. ಬೈಕನ್ನು ಪ್ರತಿ ಸಲವೂ ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿಯೇ ಹಾಕಿಸಿ. ವಾಲಿಸಿ ನಿಲ್ಲಿಸಿದ ಟ್ಯಾಂಕಿನಲ್ಲಿ ಅಳತೆ ತಪ್ಪುತ್ತದೆ. ಎಂಟು ಲೀಟರ್ ತುಂಬುವಲ್ಲಿ 200 ಮಿಲಿಲೀಟರ್ ಹೆಚ್ಚುಕಡಿಮೆಯಾದರೂ ಫಲಿತಾಂಶ ಶೇ 2.5ರಷ್ಟು ಕದಲುತ್ತದೆ. ಆದ್ದರಿಂದ ಒಂದು ಟ್ಯಾಂಕಿನ ಮೇಲೆ ತೀರ್ಪು ಕೊಡಬೇಡಿ. ಸಾದಾ ಪೆಟ್ರೋಲಿನ ಮೂರು ಟ್ಯಾಂಕು, ಆಮೇಲೆ ಪ್ರೀಮಿಯಂನ ನಾಲ್ಕು ಟ್ಯಾಂಕು ಓಡಿಸಿ, ಪ್ರೀಮಿಯಂನ ಮೊದಲ ಟ್ಯಾಂಕಿನಲ್ಲಿ ಹಳೆಯದು ಬೆರೆತಿರುವುದರಿಂದ ಅದನ್ನು ಲೆಕ್ಕದಿಂದ ಬಿಡಿ. ವಾರಕ್ಕೊಮ್ಮೆ ಟೈರಿನ ಗಾಳಿ ಒಂದೇ ಮಟ್ಟಕ್ಕೆ ಇರಲಿ. ದಾರಿಯೂ ದಿನನಿತ್ಯದ್ದೇ ಆಗಿರಲಿ.

ಇನ್ನೊಂದು ಎಚ್ಚರ. ಪ್ರೀಮಿಯಂ ಹಾಕಿಸಿದ್ದೇನೆ ಎಂದು ಗೊತ್ತಿರುವವನು ಅರಿಯದೆಯೇ ನಾಜೂಕಾಗಿ ಓಡಿಸುತ್ತಾನೆ. ನಾನು ನನ್ನ ಸ್ಕೂಟರಿನಲ್ಲಿ ಈ ಪರೀಕ್ಷೆ ಮಾಡಿದಾಗ ಮೊದಲ ಬಾರಿ ಪ್ರೀಮಿಯಂ ಗೆದ್ದಂತೆ ಕಂಡಿತು. ಎರಡನೆಯ ಬಾರಿ ಪೆಟ್ರೋಲ್ ಹಾಕಿಸುವ ಕೆಲಸವನ್ನು ತಮ್ಮನಿಗೆ ವಹಿಸಿ, ಯಾವುದು ಹಾಕಿಸಿದೆ ಎಂದು ನನಗೆ ಹೇಳಬೇಡ ಎಂದೆ. ಕೊನೆಗೆ ಅವನ ಚೀಟಿ ಮತ್ತು ನನ್ನ ಪುಸ್ತಕವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಯಾವ ಟ್ಯಾಂಕು ಯಾವುದು ಎಂದು ಅಂಕಿಗಳಿಂದ ಬೇರ್ಪಡಿಸಲಾಗಲಿಲ್ಲ.

ಏಳನೆಯ ಹೆಜ್ಜೆ: ಪೆಟ್ರೋಲಿಗಿಂತ ಮೊದಲು ಗಾಳಿಯನ್ನು ನೋಡಿ

ಈ ಭಾಗದ ಗಾಡಿಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವ ಹೆಜ್ಜೆ ಇದು. ಶಹಾಬಾದ್ ಕಲ್ಲಿನ ಪಾಲಿಶ್ ಘಟಕಗಳ ಬಿಳಿ ಪುಡಿ, ವಾಡಿ, ಮಳಖೇಡದ ಸಿಮೆಂಟ್ ಲಾರಿಗಳು ಎಬ್ಬಿಸುವ ದೂಳು, ತೊಗರಿ ರಾಶಿಯ ಕಾಲದಲ್ಲಿ ರಸ್ತೆಯ ಮೇಲೆಲ್ಲ ತೇಲುವ ಹೊಟ್ಟು, ಬೇಸಿಗೆಯಲ್ಲಿ ಎರೆಮಣ್ಣಿನ ಹೊಲದಿಂದ ಏಳುವ ಸುಂಟರಗಾಳಿ, ಇವೆಲ್ಲವನ್ನೂ ನಮ್ಮ ಇಂಜಿನ್ನುಗಳು ಉಸಿರಾಡುತ್ತವೆ. ಕೈಪಿಡಿಯಲ್ಲಿ ಬರೆದಿರುವ ಏರ್ ಫಿಲ್ಟರ್‌ನ ಅವಧಿ ಸಾಧಾರಣ ರಸ್ತೆಗೆ ಹೇಳಿದ್ದು. ದೂಳಿನ ಪ್ರದೇಶದಲ್ಲಿ ಬೇಗ ಬದಲಿಸಿ ಎಂದು ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಕಳೆದ ವರ್ಷ ನನ್ನ ಸ್ಕೂಟರಿನ ಪಿಕಪ್ ಕುಂದಿದಾಗ ನಾನೂ ಮೊದಲು ಪ್ರೀಮಿಯಂ ಪೆಟ್ರೋಲಿನ ಮೊರೆ ಹೊಕ್ಕೆ. ಎರಡು ತಿಂಗಳಾದರೂ ಬದಲಾವಣೆ ಕಾಣದೆ ಪರಿಚಯದ ಮೆಕ್ಯಾನಿಕ್ ಬಳಿ ಒಯ್ದೆ. ಅವರು ನಾಲ್ಕು ಸ್ಕ್ರೂ ಬಿಚ್ಚಿ ಫಿಲ್ಟರ್ ಹೊರತೆಗೆದು ನೆಲಕ್ಕೆ ಒಮ್ಮೆ ಕುಟ್ಟಿದರು. ಹಳೆಯ ಕಾಗದದ ಮಡಿಕೆಗಳ ನಡುವಿನಿಂದ ಒಂದು ಹಿಡಿ ಬೂದುಬಣ್ಣದ ಪುಡಿ, ಅದರೊಂದಿಗೆ ತೊಗರಿಯ ಒಣ ಸಿಪ್ಪೆಯ ಚೂರುಗಳು ಉದುರಿದವು. "ಹೊಲದಾಗಿಂದೆಲ್ಲಾ ಇಲ್ಲೇ ಕುಂತದ ನೋಡ್ರಿ. ಪೆಟ್ರೋಲ್ ಬದಲ್ ಮಾಡಿದ್ರ ಏನ್ ಆತದ?" ಎಂದರು. ಹೊಸ ಫಿಲ್ಟರ್ ಹಾಕಿದ ಆ ಸಂಜೆಯೇ ಸ್ಕೂಟರ್ ಮೊದಲಿನಂತಾಯಿತು. ಫಿಲ್ಟರಿನ ಬೆಲೆ, ಆ ಎರಡು ತಿಂಗಳಲ್ಲಿ ನಾನು ಪ್ರೀಮಿಯಂಗಾಗಿ ಹೆಚ್ಚು ಕೊಟ್ಟ ಹಣದ ಆಸುಪಾಸಿನಲ್ಲೇ ಇತ್ತು.

ಟೈರಿನ ಗಾಳಿ ಇನ್ನೊಂದು. ಗಾಳಿ ಕಡಿಮೆಯಿರುವ ಟೈರು ರಸ್ತೆಗೆ ಹೆಚ್ಚು ಅಂಟಿಕೊಂಡು ಇಂಜಿನ್ನಿನ ದುಡಿಮೆಯನ್ನು ತಿನ್ನುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ, ಬೈಕಿನ ಚೈನ್ ಒಣಗಿದ್ದರೆ ಅದನ್ನೂ ಸರಿಪಡಿಸಿ.

ಶುಚಿಕಾರಕದ ಮಾತು

ಪ್ರೀಮಿಯಂನಲ್ಲಿರುವ ಶುಚಿಕಾರಕಗಳು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಇಂಜೆಕ್ಟರ್‌ನ ತುದಿಯ ಕೂದಲೆಳೆಯಂತಹ ರಂಧ್ರಗಳಲ್ಲೂ ವಾಲ್ವ್‌ಗಳ ಹಿಂಬದಿಯಲ್ಲೂ ಕಟ್ಟುವ ಅಂಟುಮಸಿಯನ್ನು ಅವು ತಡೆಯುತ್ತವೆ, ನಿಧಾನವಾಗಿ ಕರಗಿಸುತ್ತವೆ. ಆದರೆ ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಪೆಟ್ರೋಲ್ ಒಳಹರಿವಿನ ವಾಲ್ವ್‌ಗಳ ಮೇಲೆ ಹರಿಯುವುದೇ ಇಲ್ಲವಾದ್ದರಿಂದ, ಅಲ್ಲಿನ ಮಸಿಗೆ ಯಾವ ಪೆಟ್ರೋಲೂ ಮದ್ದಲ್ಲ; ಇಂಜೆಕ್ಟರ್‌ಗೆ ಮಾತ್ರ ಲಾಭ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಓಡಿದ, ಪೇಟೆಯೊಳಗೇ ಸಣ್ಣಪುಟ್ಟ ದೂರ ಸುತ್ತುವ ಕಾರಿನವರು ವರ್ಷಕ್ಕೊಮ್ಮೆ ಎರಡು ಮೂರು ಟ್ಯಾಂಕು ಸತತವಾಗಿ ಪ್ರೀಮಿಯಂ ಹಾಕಿಸಿ ಉದ್ದದ ದಾರಿ ಓಡಿಸಿದರೆ ತಪ್ಪಿಲ್ಲ. 35 ಲೀಟರಿನ ಒಂದು ಟ್ಯಾಂಕಿಗೆ ಹೆಚ್ಚುವರಿ ಖರ್ಚು 280 ರೂಪಾಯಿ. ವರ್ಷವಿಡೀ ಹಾಕಿಸುವ 6,000 ರೂಪಾಯಿಗೆ ಹೋಲಿಸಿದರೆ ಇದು ಸಹಿಸಬಹುದಾದ ಮೊತ್ತ. ಸಾದಾ ಕಮ್ಯೂಟರ್ ಬೈಕಿಗೆ ಇದೂ ಬೇಡ.

ಎಥನಾಲ್ ತಪ್ಪಿಸಲು ಪ್ರೀಮಿಯಂ ಹಾಕಿಸುವವರಿಗೆ

ಇ20 ಬಂದ ಮೇಲೆ ಮೈಲೇಜ್ ಇಳಿಯಿತು ಎಂಬ ದೂರು ನಮ್ಮಲ್ಲೂ ಇದೆ, ಅದು ಪೂರ್ತಿ ಭ್ರಮೆಯೇನಲ್ಲ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ನೀತಿ ಆಯೋಗದ 2021ರ ಎಥನಾಲ್ ಮಾರ್ಗಸೂಚಿಯೇ, ಎಥನಾಲ್ ಇಲ್ಲದ ಪೆಟ್ರೋಲಿಗಾಗಿ ರೂಪಿಸಿ ಇ10ಕ್ಕೆ (ಶೇ 10ರಷ್ಟು ಎಥನಾಲ್ ಇರುವ ಪೆಟ್ರೋಲಿಗೆ) ಹೊಂದಿಸಿದ ಕಾರುಗಳಲ್ಲಿ ಇಂಧನ ಕ್ಷಮತೆ ಶೇ 6ರಿಂದ 7, ಅಂತಹ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4, ಇ10ಕ್ಕಾಗಿ ರೂಪಿಸಿ ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2 ತಗ್ಗಬಹುದು ಎಂದು ಅಂದಾಜಿಸಿತ್ತು. ಭಾಲ್ಕಿ, ಆಳಂದ, ಅಫಜಲಪುರದ ಕಬ್ಬಿನ ಹೊಲಗಳ ನಡುವೆ ಬದುಕುವ ನಮಗೆ ಎಥನಾಲ್ ದೂರದ ವಸ್ತುವಲ್ಲ, ಅದರಿಂದ ಬೆಳೆಗಾರರಿಗೆ ಆಗುವ ಅನುಕೂಲವನ್ನೂ ನಾನು ಬಲ್ಲೆ. ಆದರೆ ಸವಾರನಿಗೆ ಲೆಕ್ಕ ಗೊತ್ತಿರಬೇಕು.

ಪ್ರೀಮಿಯಂ ಎಂದರೆ ಎಥನಾಲ್ ಇಲ್ಲದ ಪೆಟ್ರೋಲ್ ಎಂದು ಹಲವರು ತಿಳಿದಿದ್ದಾರೆ. 95 ಎಂಬ ಅಂಕಿ ಎಥನಾಲ್ ಇಲ್ಲ ಎಂಬುದಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಯಂತ್ರದ ಮೇಲಿನ ಚೀಟಿ ಓದಿ, ಪಂಪಿನ ವ್ಯವಸ್ಥಾಪಕರನ್ನು ನೇರವಾಗಿ ಕೇಳಿ. ನಿಮ್ಮ ಗಾಡಿ 2023ರ ಏಪ್ರಿಲಿಗೆ ಮುಂಚಿನದಾದರೆ ಅದು ಇ20ಕ್ಕೆ ಹೊಂದುವುದೇ ಎಂದು ಕೈಪಿಡಿಯಲ್ಲಿ ನೋಡಿ. ಹಳೆಯ ಗಾಡಿಗೆ ಪೆಟ್ರೋಲ್ ಪೈಪು ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ನಿಲ್ಲಿಸಿದಲ್ಲಿ ಪೆಟ್ರೋಲ್ ವಾಸನೆ ಬರುತ್ತದೆಯೇ ಎಂದು ಸರ್ವಿಸ್ ಮಾಡಿಸುವಾಗಲೆಲ್ಲ ಪರೀಕ್ಷಿಸಿ, ಪೈಪು ಬದಲಿಸಿ. ಎಥನಾಲ್ ನೀರನ್ನು ಹೀರುತ್ತದೆ. ಮಕ್ಕಳು ಬೆಂಗಳೂರು ಸೇರಿ ಊರ ಮನೆಯಲ್ಲಿ ತಿಂಗಳುಗಟ್ಟಲೆ ನಿಂತಿರುವ ಬೈಕನ್ನು ಹದಿನೈದು ದಿನಕ್ಕೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ನಿಂತ ಟ್ಯಾಂಕಿಗೆ ಪ್ರೀಮಿಯಂ ತುಂಬಿಸಿಟ್ಟರೆ ಕೆಡುವುದಿಲ್ಲ ಎಂಬುದು ತಪ್ಪು ಧೈರ್ಯ.

ಪಂಪಿನಲ್ಲಿ ನಿಂತಾಗ

ಯಾವ ದರ್ಜೆಯ ಪೆಟ್ರೋಲ್ ಎಂಬುದಕ್ಕಿಂತ ಅದು ಕಲಬೆರಕೆಯಿಲ್ಲದೆ, ಪೂರ್ತಿ ಅಳತೆಯಲ್ಲಿ ಸಿಗುತ್ತಿದೆಯೇ ಎಂಬುದು ಗಾಡಿಗೂ ಜೇಬಿಗೂ ಹೆಚ್ಚು ಮುಖ್ಯ. ಮುಚ್ಚಳ ತೆರೆಯುವ ಮೊದಲೇ "ಸಾದಾ" ಎಂದು ಬಾಯಿಬಿಟ್ಟು ಹೇಳಿ. ಪರದೆಯಲ್ಲಿ ಸೊನ್ನೆ ಇದೆಯೇ ಎಂದಷ್ಟೇ ನೋಡಿ ಸುಮ್ಮನಾಗಬೇಡಿ, ಲೀಟರಿನ ದರದ ಸಾಲನ್ನೂ ನೋಡಿ. ತಪ್ಪು ನಳಿಕೆ ಗೊತ್ತಾಗುವುದು ಅಲ್ಲಿಯೇ. "ಸಾದಾ ಮುಗಿದದ" ಎಂಬ ಉತ್ತರ ಒಂದೇ ಪಂಪಿನಲ್ಲಿ ಮತ್ತೆ ಮತ್ತೆ ಬಂದರೆ ಪಂಪ್ ಬದಲಿಸಿ.

ಅಳತೆಯ ಮೇಲೆ ಅನುಮಾನವಿದ್ದರೆ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ ಐದು ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಿ. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆಯ ವಿನಾಯಿತಿ ಇದೆ, ಅದಕ್ಕಿಂತ ಕೊರತೆಯಾದರೆ ದೂರು ಕೊಡಬಹುದು. ಗುಣಮಟ್ಟದ ಅನುಮಾನಕ್ಕೆ ಫಿಲ್ಟರ್ ಪೇಪರ್ ಪರೀಕ್ಷೆ ಇದೆ. ಗ್ರಾಹಕ ಕೇಳಿದರೆ ಪಂಪಿನವರು ಮಾಡಿ ತೋರಿಸಲೇಬೇಕು. ನಳಿಕೆಯ ತುದಿಯನ್ನು ಒರೆಸಿ ಕಾಗದದ ಮೇಲೆ ಒಂದು ಹನಿ ಬೀಳಿಸಿದರೆ ಶುದ್ಧ ಪೆಟ್ರೋಲ್ ಒಂದೆರಡು ನಿಮಿಷದಲ್ಲಿ ಆರಿಹೋಗಿ, ಹೆಚ್ಚೆಂದರೆ ಬಣ್ಣದ ತೆಳು ಛಾಯೆ ಉಳಿಯುತ್ತದೆ. ಸೀಮೆಎಣ್ಣೆಯಂತಹದ್ದು ಬೆರೆತಿದ್ದರೆ ಕಾಗದದ ಮೇಲೆ ಎಣ್ಣೆಯ ಕಲೆ ನಿಲ್ಲುತ್ತದೆ. ಸಾಂದ್ರತೆಯನ್ನೂ ಕೇಳಬಹುದು: 15 ಡಿಗ್ರಿಗೆ ಪರಿವರ್ತಿಸಿದ ಅಂಕಿ, ಟ್ಯಾಂಕರಿನೊಂದಿಗೆ ಬಂದ ಚಲನ್‌ನಲ್ಲಿರುವ ಅಂಕಿಗಿಂತ ಘನಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ದೂರ ಸರಿಯಬಾರದು. ಮಳೆಗಾಲದಲ್ಲಿ ಟ್ಯಾಂಕರ್ ಈಗಷ್ಟೇ ಇಳಿಸುತ್ತಿರುವ ಪಂಪಿನಲ್ಲಿ ಹಾಕಿಸದೆ ಮುಂದಿನದಕ್ಕೆ ಹೋಗುವುದು ಒಳ್ಳೆಯದು. ತಳದ ನೀರು, ಕಸರು ಕದಡಿ ಮೇಲೇಳುವ ಹೊತ್ತು ಅದು.

ಗಡಿ ಭಾಗದ ಬೀದರಿನವರಿಗೆ ಇನ್ನೊಂದು ಮಾತು. 2024ರ ಜೂನ್‌ನಲ್ಲಿ ಕರ್ನಾಟಕ ತನ್ನ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿದ ಮೇಲೆ ಬೆಂಗಳೂರಿನ ದರ 102.86 ರೂಪಾಯಿ ಆಯಿತು. ಆಗ ಹೈದರಾಬಾದಿನ ದರ 107.41. ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೊರಟವರು ಇಲ್ಲೇ ಸಾದಾ ಪೆಟ್ರೋಲಿನಿಂದ ಟ್ಯಾಂಕು ತುಂಬಿಸಿಕೊಂಡು ಹೋದರೆ, ಲೀಟರಿಗೆ ನಾಲ್ಕೈದು ರೂಪಾಯಿ ಉಳಿಸುವ ಖಚಿತವಾದ ದಾರಿ ಅದೇ.

ಕೈಪಿಡಿಯೇ ಕಡ್ಡಾಯ ಮಾಡಿದ್ದರೆ

ನಿಮ್ಮ ಗಾಡಿಗೆ ಕನಿಷ್ಠ 95 ಎಂದೇ ಬರೆದಿದ್ದರೆ ಎಂಟು ರೂಪಾಯಿಯ ಲೆಕ್ಕ ಬಿಟ್ಟು, ಸಾದಾ ನಳಿಕೆಯ ಆಕ್ಟೇನ್ ಎಷ್ಟು ಎಂದು ಚೀಟಿಯಲ್ಲಿ ಸ್ಪಷ್ಟವಾಗದ ಕಡೆ ಪ್ರೀಮಿಯಂ ಅನ್ನೇ ಹಾಕಿಸಿ. ಕಲಬುರಗಿ, ಬೀದರ್ ನಗರಗಳಲ್ಲಿ ಸಿಕ್ಕಷ್ಟು ಸುಲಭವಾಗಿ ಅದು ಸುರಪುರ, ಶಹಾಪುರ ಅಥವಾ ಗುರುಮಠಕಲ್ ಕಡೆಯ ಎಲ್ಲ ಪಂಪುಗಳಲ್ಲೂ ಸಿಗುತ್ತದೆಂದು ನಂಬಿ ಹೊರಡಬೇಡಿ, ಊರಲ್ಲೇ ಟ್ಯಾಂಕು ತುಂಬಿಸಿಕೊಳ್ಳಿ. ನಡುದಾರಿಯಲ್ಲಿ ಅನಿವಾರ್ಯವಾಗಿ ಸಾದಾ ಹಾಕಿಸಬೇಕಾಗಿ ಬಂದರೆ ಮುಂದಿನ ಊರು ತಲುಪುವಷ್ಟು ನಾಲ್ಕೈದು ಲೀಟರ್ ಮಾತ್ರ ಹಾಕಿಸಿ. ಎತ್ತರದ ಗೇರಿನಲ್ಲಿ ಇಂಜಿನ್ನನ್ನು ಎಳೆಸದೆ, ಎಕ್ಸಲೇಟರನ್ನು ಒಮ್ಮೆಲೇ ಒತ್ತದೆ, ಉರಿಬಿಸಿಲಿನ ಹೊತ್ತಾದರೆ ಏರಿನಲ್ಲಿ ಎಸಿ ಆರಿಸಿ ನಿಧಾನವಾಗಿ ಓಡಿಸಿ. ಮುಂದಿನ ಪಂಪಿನಲ್ಲಿ ಪ್ರೀಮಿಯಂ ಸಿಕ್ಕ ಕೂಡಲೇ ಟಾಕಿ ಫುಲ್ ಮಾಡಿಸಿದರೆ ಒಳಗಿರುವ ಸಾದಾ ಪೆಟ್ರೋಲಿನೊಂದಿಗೆ ಬೆರೆತು ಆಕ್ಟೇನ್ ಮಟ್ಟ ಮತ್ತೆ ಮೇಲೇರುತ್ತದೆ.